ಬೂದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮಗಳು

ಪ್ರಶ್ನೆ

ನಾನು ಐದನೇತ್ತಿ ತನ ಓದೀನಿ, ಬರಿಯಾಕ ನೆಟ್ಟಗ ಬರಲ್ಲ. ನಾನು ಹೇಳೀನಿ, ಮಗಳು ಬರದಾಳ. ನಮ್ಮದು ದೇವಸುಗೂರು. ನಮ್ಮ ಮನಿಯವರು ಕಲ್ಲಿದ್ಲು ಸುಟ್ಟು ಕರೆಂಟ್ ತಯಾರ್ ಮಾಡೋ ಆರ್‌ಟಿಪಿಎಸ್‌ನಾಗ ಕಾಂಟ್ರ್ಯಾಕ್ಟ್ ಮ್ಯಾಲ ಕೆಲಸ ಮಾಡ್ತಾರ. ಮಗಳು ಸರ್ಕಾರಿ ಸಾಲ್ಯಾಗ ಏಳನೇತ್ತಿ ಅದಾಳ. ಲೆಕ್ಕದ ಪುಸ್ತಕ ಸಾಲಿ ಸುರುವಾಗಿ ಎರಡು ತಿಂಗಳಾಗ ತಾನ ಮುಗಿಸಿಬಿಟ್ಟಳು. ಈಗ ಬಾಜು ಮನಿ ಹುಡುಗನ ಒಂಬತ್ತನೇತ್ತಿ ಪುಸ್ತಕ ತಂದು ಓದ್ತಾಳ. ಮೂರನೇತ್ತಿ ತನ ಸಾಲಿಗಿ ಖುಷೀಲೆ ಓಡಿ ಹೋಗ್ತಿದ್ದಳು. ಈಗ ಮುಂಜಾನಿ ಆತಂದ್ರ ಹೊಟ್ಟಿ ನೋವು ಅಂತಾಳ. ಖರೇನೋ ಸುಳ್ಳೋ ತಿಳಿವಲ್ಲದು. ಸರ್ ನನ್ನ ಕರದು, "ಹುಡುಗಿ ಶಾಣ್ಯಾ ಅದಾಳ, ಆದ್ರ ಪಾಠದಾಗ ಇಲ್ಲದ್ದು ಕೇಳ್ತಾಳ, ಉಳದ ಟೈಮಿನಾಗ ಕಿಡಕಿ ಕಡೆ ನೋಡ್ಕೊಂತ ಕುಂದರತಾಳ" ಅಂದ್ರು. ರೈಲಿನಾಗ ಇಷ್ಟು ಕಲ್ಲಿದ್ಲು ಬರ್ತೈತಲ್ಲ, ಸುಟ್ಟ ಮ್ಯಾಲ ಅದರ ಬೂದಿ ಎಲ್ಲಾ ಎಲ್ಲಿ ಹೋಗ್ತೈತಿ ಅಂತ ಕೇಳಿದಳಂತ, ಮನಿಗಿ ಬಂದು ತಾನ ಹೇಳಿದಳು.

ನಮ್ಮ ಮೈದುನ ರಾಯಚೂರಾಗ ಕೋಚಿಂಗಿಗೆ ಹಚ್ರಿ, ತಿಂಗಳಿಗೆ ಎರಡೂವರೆ ಸಾವಿರ ಅಂತಾನ. ಬೆರಳಚ್ಚು ತಗೊಂಡು ಬುದ್ಧಿ ಎಷ್ಟೈತಿ ಅಂತ ಹೇಳೋರೂ ಬಂದಾರಂತ. ನಮ್ಮತ್ತಿಯವರು ಹೆಣ್ಣುಹುಡುಗಿಗೆ ಇಷ್ಟೆಲ್ಲಾ ಯಾಕ ಅಂತಾರ. ದೇವದುರ್ಗದ ಕಡೆ ನಮ್ಮಕ್ಕನ ಮಗಳೂ ಹಿಂಗ ಶಾಣ್ಯಾಕಿ ಇದ್ದಳು. ಹತ್ತಿ ಬಿಡಸಾಕ ಹೋಗಿ ಹೋಗಿ ಈಗ ಆಕಿಗಿ ಸಾಲಿ ಮ್ಯಾಲ ಮನಸಿಲ್ಲ. ಇಕಿನೂ ಹಂಗ ಆದ್ರ ಅಂತ ಅಂಜಿಕಿ. ನನಗ ಓದು ಬರಲ್ಲ, ನಾನು ಇಕಿಗಿ ಏನು ಮಾಡಲಿ?

— ಒಬ್ಬ ತಾಯಿ, ದೇವಸುಗೂರು

ಉತ್ತರ

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹೇಳಿದ್ದು ಒಂದು, ಬರೆದವಳು ಹೇಳಿದ್ದು ಇನ್ನೊಂದು. ಕೋಚಿಂಗ್ ಫೀ ಬರೆದ ಕಡೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಹತ್ತು ತಿಂಗಳಿಗೆ 25,000. ಬಸ್ಸು ಫ್ರೀ" ಎಂದು ಅವಳೇ ಲೆಕ್ಕ ಹಾಕಿದ್ದಾಳೆ. 'ಸುಳ್ಳೋ' ಎಂದು ಬರೆದು, ಅದರ ಮೇಲೆ ಪೆನ್ನು ಒತ್ತಿ ಗೀಚಿ, ಮತ್ತೆ ಪಕ್ಕದಲ್ಲಿ ಅದನ್ನೇ ಬರೆದಿದ್ದಾಳೆ. ಕಾಗದ ತೂತಾಗುವಷ್ಟು ಒತ್ತಿದ್ದಾಳೆ. ಅವ್ವ ಹೇಳಿದ್ದನ್ನು ಬರೆಯಬೇಕು, ಆದರೆ ಆ ಮಾತು ತನಗೆ ಒಪ್ಪಿಗೆಯಿಲ್ಲ ಎಂದು ತಿಳಿಸುವುದಕ್ಕೆ ಆ ಕೂಸಿಗೆ ಸಿಕ್ಕಿದ್ದು ಅದೊಂದೇ ದಾರಿ.

ಹಾಗಾಗಿ ಹೊಟ್ಟೆನೋವಿನಿಂದಲೇ ಸುರು ಮಾಡುತ್ತೇನೆ. ಅದು ಖರೇ ಎಂದೇ ಹಿಡಿಯಿರಿ. ಜಾಣ ಮಕ್ಕಳು ಬೇಸರದಿಂದ ಶಾಲೆ ತಪ್ಪಿಸುತ್ತಾರೆ ಎಂದು ನಾನು ಇಲ್ಲಿಂದಲೇ ತೀರ್ಮಾನ ಕೊಟ್ಟುಬಿಟ್ಟರೆ ಅದು ತಪ್ಪಾಗುತ್ತದೆ. ಹನ್ನೆರಡರ ಹುಡುಗಿ. ಮುಟ್ಟಿನ ದಿನಗಳು ಹತ್ತಿರ ಬಂದಿರಬಹುದು, ಜಂತುಹುಳು ಇರಬಹುದು, ರಕ್ತ ಕಡಿಮೆ ಇರಬಹುದು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಅವಳ ವಯಸ್ಸಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಕಣ್ಣನ್ನೂ ತೋರಿಸಿ. ಬೋರ್ಡು ಕಾಣದ ಮಗುವೂ ಕಿಟಕಿ ಕಡೆ ನೋಡುತ್ತದೆ. ಇದೆಲ್ಲಾ ಆದ ಮೇಲೆ ಒಂದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, ಸಾಲಿಯಲ್ಲಾಗಲೀ ದಾರಿಯಲ್ಲಾಗಲೀ ಯಾರಾದರೂ ಏನಾದರೂ ಅಂದರೇ, ಮುಟ್ಟಿದರೇ, ಹೆದರಿಸಿದರೇ ಎಂದು ಮೆಲ್ಲಗೆ ಕೇಳಿ. ಹಾಗೇನಾದರೂ ಇದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಯಾವುದೂ ಇಲ್ಲ ಎಂದಾದ ಮೇಲೆಯೇ ಮುಂದಿನ ಮಾತು.

ಮೂರನೇತ್ತಿ ತನ ಖುಷಿಯಿಂದ ಓಡಿ ಹೋಗುತ್ತಿದ್ದಳು ಎಂದಿದ್ದೀರಲ್ಲ, ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಮಾಸ್ತರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ನಮ್ಮ ಮಣ್ಣಿಗೆ ಒಗ್ಗಿಸಿ ಕಟ್ಟಿದ ಪದ್ಧತಿ ಅದು. ಅಲ್ಲಿ ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಒಂದು ಮೆಟ್ಟಿಲು ಮುಗಿಸಿದ ಮಗು ಉಳಿದವರಿಗೆ ಕಾಯದೆ ಮುಂದಿನ ಕಾರ್ಡು ತೆಗೆದುಕೊಳ್ಳುತ್ತದೆ, ಹಿಂದೆ ಉಳಿದ ಮಗು ನಾಚಿಕೆ ಪಡದೆ ತನ್ನ ಮೆಟ್ಟಿಲಲ್ಲೇ ಕೂರುತ್ತದೆ. ಚುರುಕಾದ ಮಗುವಿಗೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ದುಬಾರಿ ಶಾಲೆಗಳಲ್ಲೂ ಹೆಚ್ಚು ಕಂಡಿಲ್ಲ. ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಏಣಿ ತೆಗೆದಿಡುತ್ತಾರೆ. ಅಲ್ಲಿಂದ ಮುಂದೆ ನಲವತ್ತು ಮಕ್ಕಳೂ ಒಂದೇ ಪುಟದಲ್ಲಿರಬೇಕು. ನಿಮ್ಮ ಮಗಳು ಕಿಟಕಿ ನೋಡಲು ಕಲಿತದ್ದು ಆಮೇಲೆ.

ನಾನೂ ಇಪ್ಪತ್ತು ವರ್ಷ ಪಾಠ ಮಾಡಿದವಳು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ಲೆಕ್ಕ ಬರೆದು ನಾನು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಅವನ ಕೈ ಮೇಲಿರುತ್ತಿತ್ತು. ನನಗೆ ಸಂತೋಷ. ಮುಗಿಸಿದೆಯಾ, ಇನ್ನೂ ಹತ್ತು ಮಾಡು ಎನ್ನುತ್ತಿದ್ದೆ. ಅದೇ ಥರದ ಹತ್ತು. ಅವನ್ನೂ ಮುಗಿಸಿದರೆ ಉಳಿದವರ ಪಟ್ಟಿ ತಿದ್ದಲು ಕೂರಿಸುತ್ತಿದ್ದೆ, ಅದೂ ಆದ ಮೇಲೆ ಬಿಸಿಯೂಟದ ತಟ್ಟೆ ಎಣಿಸಲು ಕಳಿಸುತ್ತಿದ್ದೆ. ಅರ್ಧ ವರ್ಷ ಕಳೆಯುವ ಹೊತ್ತಿಗೆ ಅವನ ಕೈ ಮೇಲೆ ಬರುವುದು ನಿಂತಿತು. ಎಲ್ಲರ ಜೊತೆಗೇ ಮುಗಿಸುವಷ್ಟು ನಿಧಾನ ಮಾಡುವುದನ್ನು ರೂಢಿ ಮಾಡಿಕೊಂಡಿದ್ದ. ಬೇಗ ಮುಗಿಸಿದ್ದಕ್ಕೆ ನಾನು ಅವನಿಗೆ ಕೊಡುತ್ತಿದ್ದದ್ದು ಬಹುಮಾನವಾಗಿರಲಿಲ್ಲ, ಹೆಚ್ಚಿನ ಕೂಲಿಯಾಗಿತ್ತು. ಅದು ನನಗೆ ಹೊಳೆದದ್ದು ಅವನು ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟ ಮೇಲೆ. ಇವತ್ತಿಗೂ ಆ ಹುಡುಗನ ಬೆಂಚು ನನ್ನ ಕಣ್ಣ ಮುಂದಿದೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಅವನೂ ಒಂದು ಕಾರಣ.

ಈಗ ಬೆರಳಚ್ಚಿನ ವಿಷಯ ಮುಗಿಸಿಬಿಡೋಣ. ಬೆರಳಿನ ಗೆರೆ ನೋಡಿ ಬುದ್ಧಿ ಅಳೆಯುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ, ಮೆದುಳು ಚುರುಕು ಮಾಡುತ್ತೇವೆನ್ನುವ ಶಿಬಿರಗಳೂ ಹಾಗೆಯೇ. ಒಂದು ರೂಪಾಯಿ ಕೂಡ ಕೊಡಬೇಡಿ.

ಮಗಳಿಗೆ ಎಷ್ಟು ಬರುತ್ತದೆ ಎಂದು ನಿಜವಾಗಿ ತಿಳಿಯಬೇಕಾದರೆ ದಾರಿ ಸರಳವಾಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ ಎಂಬ ಪ್ರಾಧ್ಯಾಪಕರು 1971ರಲ್ಲಿ ಗಣಿತದಲ್ಲಿ ಮುಂದಿದ್ದ ಮಕ್ಕಳ ಅಧ್ಯಯನ ಆರಂಭಿಸಿದರು. ಹನ್ನೆರಡು ಹದಿಮೂರರ ಮಕ್ಕಳಿಗೆ ಅವರು ಕೊಟ್ಟದ್ದು ಕಾಲೇಜು ಸೇರುವವರಿಗಾಗಿ ಮಾಡಿದ ಪರೀಕ್ಷೆ. ಯಾಕೆಂದರೆ ಏಳನೆಯ ತರಗತಿಯ ಪರೀಕ್ಷೆಯಲ್ಲಿ 98 ಅಂಕ ತೆಗೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ಅಲ್ಲಿಗೇ ನಿಂತಿರಬಹುದು, ಇನ್ನೊಬ್ಬಳು ಇನ್ನೂ ನಾಲ್ಕು ವರ್ಷದ ಲೆಕ್ಕ ಮಾಡಬಲ್ಲವಳಾಗಿರಬಹುದು. ಏಳನೆಯ ಪರೀಕ್ಷೆಯಿಂದ ಅದು ಗೊತ್ತಾಗುವುದೇ ಇಲ್ಲ. ನಿಮ್ಮ ಮಗಳು ತನಗೆ ತಾನೇ ಮೇಲಿನ ತರಗತಿಯ ಪರೀಕ್ಷೆ ಇಟ್ಟುಕೊಂಡಿದ್ದಾಳೆ, ಬಾಜು ಮನೆಯ ಒಂಬತ್ತನೇತ್ತಿ ಪುಸ್ತಕದಿಂದ. ಲೆಕ್ಕದ ಸರ್‌ಗೆ ಹೇಳಿ, ಆ ಪುಸ್ತಕದ ಒಂದು ಅಧ್ಯಾಯದಿಂದ ಐದು ಲೆಕ್ಕ ಕೊಡಿಸಿ. ಉತ್ತರಕ್ಕಿಂತ ಹೆಚ್ಚಾಗಿ, ತಪ್ಪಿದಾಗ ಆಕೆ ಏನು ಮಾಡುತ್ತಾಳೆ ಎಂದು ನೋಡಲು ಹೇಳಿ. ಪುಸ್ತಕ ಮುಚ್ಚಿಡುತ್ತಾಳೋ, ಮತ್ತೊಂದು ಹಾಳೆ ತೆಗೆಯುತ್ತಾಳೋ? ಜೋಸೆಫ್ ರೆಂಜುಲಿ ಎಂಬ ಶಿಕ್ಷಣತಜ್ಞರು 1978ರಲ್ಲೇ ಇದನ್ನು ಬರೆದರು. ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಹಿಡಿದ ಕೆಲಸ ಬಿಡದ ಹಟ, ಹೊಸದಾಗಿ ಯೋಚಿಸುವ ಗುಣ ಮೂರೂ ಕೂಡಿದಲ್ಲಿ ಪ್ರತಿಭೆ ಕಾಣಿಸುತ್ತದೆ ಎಂದು. ಬೂದಿಯ ಪ್ರಶ್ನೆ ಕೇಳಿದವಳಲ್ಲಿ ಮೂರನೆಯದು ಇದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕೋಚಿಂಗ್. ನಿಮ್ಮ ಮೈದುನನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಏಳನೆಯ ತರಗತಿಯ ಮಕ್ಕಳಿಗೆ 'ಐಐಟಿ ಫೌಂಡೇಶನ್' ಎಂದು ನಡೆಯುವ ತರಗತಿಗಳಲ್ಲಿ ಬಹುಪಾಲು ನಡೆಯುವುದು ಒಂಬತ್ತು, ಹತ್ತನೆಯ ಪಾಠವನ್ನೇ ಎರಡು ವರ್ಷ ಮೊದಲು ಉರು ಹೊಡೆಸುವುದು. ಅವಳು ಶಾಲೆಯಲ್ಲಿ ಬೇಸರ ಪಟ್ಟದ್ದು ಅದೇ ಥರದ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ. ಅಲ್ಲಿ ಅದನ್ನೇ ಗಡಿಯಾರ ಹಿಡಿದು ಮಾಡಿಸುತ್ತಾರೆ. ಮತ್ತೆ ಎರಡು ವರ್ಷ ಕಳೆದ ಮೇಲೆ ಶಾಲೆಯ ಪಾಠ ಆಕೆಗೆ ಈಗಿನಕ್ಕಿಂತ ಹೆಚ್ಚು ಸಪ್ಪೆಯಾಗುತ್ತದೆ. ದಿನಾ ಸಂಜೆ ರಾಯಚೂರಿಗೆ ಹೋಗಿ ರಾತ್ರಿ ಬರುವ ಹುಡುಗಿಗೆ ನಿದ್ದೆ ಎಷ್ಟು, ಆಟ ಎಷ್ಟು? 25,000 ರೂಪಾಯಿ ನಿಮ್ಮ ಮನೆಗೆ ಏನು ಎಂಬುದು ನಿಮಗೆ ಗೊತ್ತು, ಅಂಚಿನಲ್ಲಿ ಲೆಕ್ಕ ಬರೆದವಳಿಗೂ ಗೊತ್ತು. ಆ ದುಡ್ಡಿನ ಭಾರ ತಲೆಯ ಮೇಲಿದ್ದರೆ ಆಕೆ ತಪ್ಪು ಮಾಡಲು ಹೆದರುತ್ತಾಳೆ. ಈ ವಯಸ್ಸಿನಲ್ಲಿ ಬೇಡವೇ ಬೇಡ ಎಂದು ನನ್ನ ಅಭಿಪ್ರಾಯ.

ಪ್ರತಿಭಾವಂತ ಮಕ್ಕಳಿಗೆಂದೇ ಕಟ್ಟಿದ ಶಾಲೆ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಪುಣೆಯಲ್ಲಿ ಅಪ್ಪಾ ಪೆಂಡ್ಸೆಯವರು 1962ರಲ್ಲಿ ಜ್ಞಾನಪ್ರಬೋಧಿನಿ ಸ್ಥಾಪಿಸಿದರು, 1969ರಲ್ಲಿ ಅದರ ಶಾಲೆ ಶುರುವಾಯಿತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರೊ. ಅನಿತಾ ಕುರುಪ್ ಅವರ ತಂಡ ಇಂಥ ಮಕ್ಕಳನ್ನು ಗುರುತಿಸುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆಗಳ ಕೂಟಗಳಿರಬೇಕು ಎಂದು ಬರೆದಿದೆ. ಇದೆಲ್ಲಾ ದೇವಸುಗೂರಿನ ಸಾಲಿಗೆ ಬಂದು ಮುಟ್ಟುವತನಕ ಕಾಯುತ್ತಾ ಕೂತರೆ ನಿಮ್ಮ ಮಗಳು ಕಾಲೇಜಿಗೆ ಬಂದಿರುತ್ತಾಳೆ. ಈಗ ಕೈಗೆ ಸಿಗುವುದನ್ನು ನೋಡೋಣ.

ಮುದಗಲ್ಲಿನ ನವೋದಯ ಶಾಲೆಗೆ ಆರನೆಯ ತರಗತಿಗೆ ಸೇರುವ ಪರೀಕ್ಷೆಯನ್ನು ಐದನೆಯಲ್ಲಿ ಬರೆಯಬೇಕಿತ್ತು, ಅದು ದಾಟಿ ಹೋಯಿತು. ಒಂಬತ್ತನೆಗೆ ಸೇರುವುದಕ್ಕೆ ಎಂಟನೆಯಲ್ಲಿರುವಾಗ ಇನ್ನೊಂದು ಪರೀಕ್ಷೆ ಇದೆ, ಆದರೆ ಅದು ಖಾಲಿ ಉಳಿದ ಸೀಟುಗಳಿಗೆ ಮಾತ್ರ. ಗಣಿತ ವಿಜ್ಞಾನದ ಜೊತೆ ಇಂಗ್ಲಿಷು, ಹಿಂದಿಯೂ ಇರುತ್ತವೆ. ಬರೆಯಲಿ, ಸಿಗಲಿಲ್ಲವೆಂದು ಮನೆಯಲ್ಲಿ ಯಾರೂ ಮುಖ ಸಣ್ಣದು ಮಾಡಬಾರದು. ನಾನು ಹೆಚ್ಚು ಒತ್ತಿ ಹೇಳುವುದು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯನ್ನು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಇರುವುದು. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ದಾಟಿರಬಾರದು, ಏಳನೆಯಲ್ಲಿ 55 ಪರ್ಸೆಂಟ್ ಇರಬೇಕು, ಪರಿಶಿಷ್ಟರಿಗೆ 50 ಸಾಕು. ಬುದ್ಧಿಶಕ್ತಿಯ 90 ಪ್ರಶ್ನೆ, ಪಾಠದ 90 ಪ್ರಶ್ನೆ, ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದತನಕ ವರ್ಷಕ್ಕೆ 12,000 ರೂಪಾಯಿ ಖಾತೆಗೆ ಬರುತ್ತದೆ, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಓದು ಮುಂದುವರಿಸಿದರೆ. ನಾಲ್ಕು ವರ್ಷಕ್ಕೆ 48,000. ನಿಮ್ಮತ್ತೆಯವರ ಮುಂದೆ ಈ ಲೆಕ್ಕ ಇಡಿ. ಹೆಣ್ಣುಹುಡುಗಿಯ ಓದು ಮನೆಗೆ ದುಡ್ಡು ತರುತ್ತದೆ ಎನ್ನುವುದು ಓದಿಸುವುದಕ್ಕೆ ಸರಿಯಾದ ಕಾರಣವಲ್ಲ ಎಂದು ನನಗೆ ಗೊತ್ತು. ಆದರೂ ಪಿಯುಸಿ ಮುಗಿಯುವತನಕ ಮದುವೆಯ ಮಾತು ಎತ್ತದಂತೆ ಅದು ಹಿಡಿದು ನಿಲ್ಲಿಸುವುದಾದರೆ, ನಿಮ್ಮ ಕೈಯಲ್ಲಿ ಅದೂ ಒಂದು ಬಲವೇ.

ಪರೀಕ್ಷೆಗಳ ಮಾತು ಇಷ್ಟು ಸಾಕು. ಪರೀಕ್ಷೆಯಿಂದ ಬಾಗಿಲು ತೆರೆಯುತ್ತದೆ, ಆದರೆ ದಿನಾ ಮುಂಜಾನೆ ಹೊಟ್ಟೆ ನೋಯಿಸುವ ಬೇಸರ ಅದರಿಂದ ಹೋಗುವುದಿಲ್ಲ. ಅದಕ್ಕೆ ಶಾಲೆಯವರನ್ನು ಕೇಳಬೇಕು. ದೂರು ತೆಗೆದುಕೊಂಡು ಹೋಗಬೇಡಿ. ಆ ಸರ್ ನಿಮ್ಮನ್ನು ಕರೆದು ಮಾತಾಡಿದ್ದಾರೆ, ಶಾಣ್ಯಾ ಎಂದು ಗುರುತಿಸಿದ್ದಾರೆ, ಅಷ್ಟು ಮಾಡುವವರೇ ಕಡಿಮೆ. ಅವರ ಮುಂದೆ ಹಾಜರಿ, ಬಿಸಿಯೂಟ, ಮೊಟ್ಟೆ, ಆನ್‌ಲೈನ್ ಎಂಟ್ರಿ ಎಲ್ಲಾ ಇದೆ. ಹೋಗಿ ಹೀಗೆ ಹೇಳಿ: "ಸರ್, ಒಂದು ಪಾಠ ಸುರುವಾಗೋ ಮುಂಚೆ ಇಕಿಗಿ ಆ ಪಾಠದ ಕಡೀ ಐದು ಲೆಕ್ಕ ಕೊಟ್ಟು ನೋಡ್ರಿ. ಬಂದ್ರ ಆ ವಾರ ಇಕಿಗಿ ಬ್ಯಾರೆ ಏನರ ಕೆಲಸ ಕೊಡ್ರಿ." ಗೊತ್ತಿರುವುದನ್ನು ಮತ್ತೆ ಮಾಡಿಸದೆ ಆ ಸಮಯವನ್ನು ಉಳಿಸಿಕೊಡುವುದು. ಇದಕ್ಕೆ ದುಡ್ಡು ಬೇಡ, ಆದೇಶ ಬೇಡ, ಸರ್ ಮನಸ್ಸು ಮಾಡಿದರೆ ಸೋಮವಾರದಿಂದಲೇ ಆಗುತ್ತದೆ. ಹತ್ತಿರದಲ್ಲೇ ಪ್ರೌಢಶಾಲೆ ಇದ್ದು, ವಾರಕ್ಕೆರಡು ಸಲ ಗಣಿತದ ಪೀರಿಯಡ್ಡಿಗೆ ಅಲ್ಲಿ ಕೂರಿಸಲು ಮುಖ್ಯ ಗುರುಗಳಿಬ್ಬರೂ ಒಪ್ಪಿದರೆ ಇನ್ನೂ ಒಳ್ಳೆಯದು. ಇಡೀ ತರಗತಿ ದಾಟಿಸಿ ಒಂಬತ್ತಕ್ಕೆ ಹಾಕಿ ಎಂದು ಮಾತ್ರ ಕೇಳಬೇಡಿ. ಲೆಕ್ಕದಲ್ಲಿ ಅವಳಿಗೆ ಹದಿನಾಲ್ಕು ಇರಬಹುದು, ಲಗೋರಿಯಲ್ಲಿ, ಗೆಳತಿಯರ ಜಗಳದಲ್ಲಿ ಹನ್ನೆರಡೇ.

ಇನ್ನೊಂದು, ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಎಂಬ ಯೋಜನೆಯಿದೆ. ಆರನೆಯ ತರಗತಿಯಿಂದ ಮೇಲಿನ ಮಕ್ಕಳು ತಮ್ಮ ಸುತ್ತಲಿನ ಒಂದು ತೊಂದರೆಗೆ ಹೊಸ ಉಪಾಯ ಬರೆದು ಕೊಟ್ಟರೆ, ಶಾಲೆಯವರು ಅಂಥ ಐದನ್ನು ಕಳಿಸಬಹುದು. ಆರಿಸಿದ ಉಪಾಯಕ್ಕೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಒಣ ಹಾಕಿದ ಬಟ್ಟೆಯ ಮೇಲೆ ಬೂದಿ ಕೂರುವ ಊರಿನ ಹುಡುಗಿಗೆ ತೊಂದರೆ ಹುಡುಕಲು ದೂರ ಹೋಗಬೇಕಾಗಿಲ್ಲ. ಈ ವರ್ಷದ ಐದರಲ್ಲಿ ಇವಳದ್ದೂ ಒಂದಿರಲಿ ಎಂದು ಸರ್‌ಗೆ ಕೇಳಿ. ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಶಾಲೆಗೆ ಬರುತ್ತಿದ್ದರೆ ಹಳೆಯ ಸಂಚಿಕೆಗಳನ್ನು ಮನೆಗೆ ಕೊಡಲು ಹೇಳಿ.

ಈಗ ನಿಮ್ಮ ಕೊನೆಯ ಮಾತು. 'ನನಗ ಓದು ಬರಲ್ಲ, ನಾನು ಏನು ಮಾಡಲಿ' ಎಂದಿರಿ. ತಂಗಿ, ಶಾಲೆಯಲ್ಲಿ ಕೇಳಿದ ಪ್ರಶ್ನೆಯನ್ನು ಮಗಳು ಮನೆಗೆ ಬಂದು ನಿಮಗೆ ಹೇಳಿದ್ದಾಳೆ. ಸಾಲಿಯಲ್ಲಿ ಬಾಯಿ ಮುಚ್ಚಿಸಿಕೊಂಡ ಪ್ರಶ್ನೆಗೆ ಮನೆಯಲ್ಲಿ ಜಾಗವಿದೆ ಎಂದು ಅವಳಿಗೆ ಗೊತ್ತಿದೆ. ಆ ಜಾಗ ಮಾಡಿಟ್ಟವರು ನೀವು. ಗೋಡೆಯ ಮೇಲೆ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿ ಅಂಟಿಸಿ, ಅವಳ ತಲೆಗೆ ಬಂದ ಪ್ರಶ್ನೆಯೆಲ್ಲಾ ಅಲ್ಲಿ ಬರೆಯಲಿ. ರಾತ್ರಿ ಊಟವಾದ ಮೇಲೆ ಒಂದನ್ನು ಓದಿಸಿ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ, "ನನಗೂ ಗೊತ್ತಿಲ್ಲ, ಯಾರನ್ನ ಕೇಳೋಣು?" ಎಂದರೆ ಸಾಕು. ಹಂಡೆಯ ನೀರು ಕಾಯಲು ಎಷ್ಟು ಕಟ್ಟಿಗೆ, ಒಂದು ಸೇರು ಜೋಳಕ್ಕೆ ಎಷ್ಟು ರೊಟ್ಟಿ, ಹಿಟ್ಟಿಗೆ ಬಿಸಿನೀರು ಯಾಕೆ, ತಣ್ಣೀರಿನಲ್ಲಿ ನಾದಿದರೆ ರೊಟ್ಟಿ ಯಾಕೆ ಹರಿಯುತ್ತದೆ, ಇದರಲ್ಲೆಲ್ಲಾ ಅವಳಿಗಿಂತ ನೀವೇ ಹೆಚ್ಚು ಓದಿದವರು.

ಮನೆಯಲ್ಲಿ ಒಂದು ಮಾತನ್ನು ಮಾತ್ರ ಕಡಿಮೆ ಮಾಡಿ: 'ನೀನು ಶಾಣ್ಯಾಕಿ.' ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು 1998ರಲ್ಲಿ ಪ್ರಕಟಿಸಿದರು. ಜಾಣರೆಂದು ಹೊಗಳಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಇನ್ನಷ್ಟು ಕೆಟ್ಟದಾಗಿ ಮಾಡಿದರು. ಕಷ್ಟಪಟ್ಟು ಮಾಡಿದೆ ಎಂದು ಹೊಗಳಿಸಿಕೊಂಡವರು ಕಠಿಣವಾದದ್ದನ್ನೇ ಕೇಳಿ ಪಡೆದರು. ನಿಮ್ಮ ಮಗಳು ಇಲ್ಲಿಯತನಕ ಶಾಲೆಯಲ್ಲಿ ಸೋತೇ ಇಲ್ಲ. ಮೊದಲ ಸೋಲು ಹದಿನೇಳನೆಯ ವಯಸ್ಸಿನಲ್ಲಿ, ಊರು ಬಿಟ್ಟು ಹಾಸ್ಟೆಲಿನಲ್ಲಿರುವಾಗ ಬರುವುದಕ್ಕಿಂತ, ಹನ್ನೆರಡರಲ್ಲಿ ನಿಮ್ಮ ಪಕ್ಕದಲ್ಲಿ ಕೂತು ಒಂದು ಲೆಕ್ಕ ಮೂರು ದಿನ ಬಗೆಹರಿಯದೆ ಅಳುವುದು ಎಷ್ಟೋ ಮೇಲು. ಅಂಥ ಲೆಕ್ಕ ಅವಳಿಗೆ ಸಿಗಬೇಕು. ನನ್ನ ಉತ್ತರದಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನಿಮ್ಮಕ್ಕನ ಮಗಳ ಬಗ್ಗೆ ನೀವು ಎರಡೇ ಸಾಲು ಬರೆಸಿದ್ದೀರಿ. ನನಗೆ ಅವಳದ್ದೇ ಹೆಚ್ಚು ಸಂಕಟ. ದೇವದುರ್ಗ, ಮಾನ್ವಿ ಕಡೆಯ ಶಾಲೆಗಳಲ್ಲಿ ಹತ್ತಿ ಒಡೆಯುವ ಕಾಲಕ್ಕೆ, ಮೆಣಸಿನಕಾಯಿ ಕಾಲಕ್ಕೆ ಬೆಂಚುಗಳು ಖಾಲಿಯಾಗುವುದನ್ನು ನಾನು ಕಣ್ಣಾರೆ ಕಂಡವಳು. ಎರಡು ತಿಂಗಳು ಹೊಲದಲ್ಲಿದ್ದು ಬಂದ ಹುಡುಗಿಗೆ ಪರೀಕ್ಷೆಯಲ್ಲಿ 40 ಬರುತ್ತದೆ. ಆ 40 ನೋಡಿ ಅವಳನ್ನು ದಡ್ಡಿ ಎನ್ನುತ್ತಾರೆ. ಎಷ್ಟು ಜನ ಬಿಡಿಸುವವರು, ದಿನಕ್ಕೆ ಎಷ್ಟು ಕೆ.ಜಿ., ಕೂಲಿ ಎಷ್ಟು ಎಂದು ಬಾಯಿಲೆಕ್ಕದಲ್ಲಿ ಹೇಳುವವಳನ್ನು ಯಾವ ಪ್ರತಿಭಾ ಪರೀಕ್ಷೆಯೂ ಹಿಡಿಯುವುದಿಲ್ಲ. ದಸರೆ ರಜೆಗೂ ಬೇಸಿಗೆ ರಜೆಗೂ ಅವಳನ್ನು ನಿಮ್ಮ ಮನೆಗೆ ಕರೆಸಿಕೊಳ್ಳಿ. ನಿಮ್ಮ ಮಗಳಿಗೆ ಪುಸ್ತಕದಷ್ಟೇ ಬೇಕಾದದ್ದು ಜೊತೆಗಾತಿ, ತನ್ನ ವೇಗಕ್ಕೆ ಮಾತಾಡುವ, ತನ್ನನ್ನು ಸೋಲಿಸುವ ಇನ್ನೊಬ್ಬಳು. ಅಂಥವಳು ನಿಮ್ಮ ಅಕ್ಕನ ಮನೆಯಲ್ಲೇ ಇರಬಹುದು. ಅವಳ ಊರಿನ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ, ಮಕ್ಕಳಿಗೆ ಸದಸ್ಯತ್ವ ಉಚಿತ. ಹೆಸರು ಬರೆಸಲು ಅಕ್ಕನಿಗೆ ಫೋನ್ ಮಾಡಿ ಹೇಳಿ. ಇಬ್ಬರೂ ಒಂದೇ ಲೆಕ್ಕ ಹಿಡಿದು ಫೋನಿನಲ್ಲಿ ಜಗಳಾಡಲಿ.

ಹೆಣ್ಣುಮಕ್ಕಳಿಗೆ ಬಸ್ಸು ಹೇಗೂ ಫ್ರೀ. ಒಂದು ಭಾನುವಾರ ಇಬ್ಬರನ್ನೂ ರಾಯಚೂರು ಕೋಟೆಗೆ ಕರೆದುಕೊಂಡು ಹೋಗಿ. ಒಳಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಕಾಕತೀಯರ ಕಾಲಕ್ಕೆ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲಿಟ್ಟು ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಇಂಥ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕೆ.ಜಿ. ತೂಗುತ್ತದೆ. ಉದ್ದ, ಎತ್ತರ ಅಳೆಯಲಿ. ಗೋಡೆಯೊಳಗೆ ಹೋಗಿರುವ ದಪ್ಪ ಕಾಣುವುದಿಲ್ಲ, ಅದನ್ನು ಏನೆಂದು ಹಿಡಿಯಬೇಕು, ಯಾಕೆ ಹಾಗೆ ಹಿಡಿದಿರಿ ಎಂದು ತಾವೇ ತಾವು ವಾದಿಸಲಿ. ಒಂದು ಎತ್ತು ಎಷ್ಟು ಎಳೆಯುತ್ತದೆ ಎಂಬುದನ್ನು ದೇವದುರ್ಗದವಳು ಹೇಳುತ್ತಾಳೆ. ವರ್ಷಕ್ಕೊಮ್ಮೆ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ ನಡೆಯುತ್ತದೆ, ಅಲ್ಲಿಗೂ ಹೋಗಿ ಬನ್ನಿ.

ಇನ್ನು ಈ ಪತ್ರ ಬರೆದವಳಿಗೆ.

ಕೂಸೇ, ನೀನು ಕೇಳಿದ್ದು ಪಾಠದಲ್ಲಿಲ್ಲ ನಿಜ. ಆದರೆ ಅದು ಲೆಕ್ಕ. ನಿಮ್ಮೂರ ಬಾಜುವಿನ ವಿದ್ಯುತ್ ಕೇಂದ್ರದಲ್ಲಿ 210 ಮೆಗಾವಾಟಿನ ಏಳು ಘಟಕ, 250ರದ್ದು ಒಂದು, ಒಟ್ಟು 1,720 ಮೆಗಾವಾಟ್. ಒಂದು ಮೆಗಾವಾಟ್ ಎಂದರೆ ಸಾವಿರ ಕಿಲೋವಾಟ್. ಎಲ್ಲವೂ ದಿನವಿಡೀ ಪೂರ್ತಿ ಓಡಿದವು ಎಂದು ಹಿಡಿದರೆ ದಿನಕ್ಕೆ 4,12,80,000 ಯೂನಿಟ್ ಕರೆಂಟು. ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು ಎಂದು ಹಿಡಿ. ಹತ್ತಿರ ಹತ್ತಿರ 28,900 ಟನ್ ಆಯಿತಲ್ಲ? ಒಂದು ಗೂಡ್ಸ್ ರೈಲಿನಲ್ಲಿ ಎಷ್ಟು ಡಬ್ಬಿ ಇರುತ್ತವೆ ಎಂದು ನೀನೇ ಎಣಿಸು, ದೂರ ನಿಂತು, ಹಳಿಯ ಹತ್ತಿರ ಹೋಗಬೇಡ. ಒಂದು ಡಬ್ಬಿಗೆ ಎಷ್ಟು ಟನ್ ಎಂದು ಅಪ್ಪನನ್ನು ಕೇಳು, ದಿನಕ್ಕೆ ಎಷ್ಟು ರೈಲು ಬೇಕೆಂದು ತೆಗೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಬೂದಿಯೇ. ಬೂದಿ ಎಷ್ಟಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಅದರಲ್ಲಿ ಸಿಮೆಂಟಿಗೆ ಎಷ್ಟು, ಇಟ್ಟಿಗೆಗೆ ಎಷ್ಟು, ಬೂದಿಯ ಹೊಂಡಕ್ಕೆ ಎಷ್ಟು, ಗಾಳಿಗೆ ಎಷ್ಟು? ಇದಕ್ಕೆ ಪುಸ್ತಕದ ಹಿಂದೆ ಉತ್ತರವಿಲ್ಲ. ವಿದ್ಯುತ್ ಕೇಂದ್ರದವರಿರುವ ಶಕ್ತಿನಗರದ ಕಾಲೊನಿಯಲ್ಲಿ ಎಂಜಿನಿಯರುಗಳಿದ್ದಾರೆ. ಸರ್ ಜೊತೆಗೋ ಅಪ್ಪನ ಜೊತೆಗೋ ಹೋಗಿ ಕೇಳು. ಎಲ್ಲಾ ಘಟಕಗಳೂ ದಿನಾ ಓಡುವುದಿಲ್ಲ ಎಂದು ಅವರು ಹೇಳಬಹುದು. ಆಗ ನಿನ್ನ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಮಾಡು.

ತರಗತಿಯಲ್ಲಿ ಬೇಗ ಮುಗಿದ ದಿನಕ್ಕೆ ಇನ್ನೊಂದು ಕೊಡುತ್ತೇನೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಕಾಪ್ರೇಕರ್ ಎಂಬ ಶಾಲಾ ಮಾಸ್ತರು ಇದ್ದರು, ಅಂಕಿಗಳ ಜೊತೆಗೇ ಬದುಕಿದವರು. ನಿಮ್ಮೂರ ಕೇಂದ್ರದ ಮೊದಲ ಘಟಕ ಶುರುವಾದ ವರ್ಷ 1985. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9851, ಚಿಕ್ಕದರಿಂದ ದೊಡ್ಡದಕ್ಕೆ 1589. ಕಳೆದರೆ 8262. ಅದನ್ನೂ ಹಾಗೆಯೇ ಜೋಡಿಸಿ ಕಳೆ, 6354. ಮತ್ತೆ 3087. ಮತ್ತೆ 8352. ಮತ್ತೆ 6174. ಇನ್ನೊಮ್ಮೆ ಕಳೆದು ನೋಡು, ಏನಾಗುತ್ತದೆ? ಈಗ ನೀನು ಹುಟ್ಟಿದ ವರ್ಷ ತೆಗೆದುಕೋ. ನಾಲ್ಕು ಅಂಕಿಯ ಯಾವ ಸಂಖ್ಯೆಗಳು ಮಾತ್ರ ಇಲ್ಲಿಗೆ ಬಂದು ಮುಟ್ಟುವುದಿಲ್ಲ? ಮೂರು ಅಂಕಿಯಲ್ಲಿ ಮಾಡಿದರೆ ಎಲ್ಲಿ ಹೋಗಿ ನಿಲ್ಲುತ್ತದೆ? ಎರಡು ಅಂಕಿಯಲ್ಲಿ ನಿಲ್ಲುತ್ತದೆಯೋ ಇಲ್ಲವೋ? ದೇವದುರ್ಗದ ಅಕ್ಕನಿಗೂ ಇದನ್ನು ಹೇಳು, ಉತ್ತರ ಹೇಳಬೇಡ.

ಮತ್ತೆ, ಹೊಟ್ಟೆ ನೋವು ಖರೇ ಎಂದು ನಾನು ನಂಬಿದ್ದೇನೆ. ರಕ್ತಪರೀಕ್ಷೆಗೆ ಸೂಜಿ ಚುಚ್ಚುತ್ತಾರೆ, ಸ್ವಲ್ಪ ನೋಯುತ್ತದೆ. ಅವ್ವನ ಕೈ ಹಿಡಿದುಕೋ.